ತಂಗಿಯ ಮೀನು, ನನ್ನ ಕಣ್ಣು

ಶಿಡ್ಲಘಟ್ಟ

ಪರದೇಶಕ್ಕೆ ಹೋಗುವವರೆಲ್ಲ ಏನನ್ನಾದರೂ ನೋಡುವುದಕ್ಕೆ ಹೋಗುತ್ತಾರೆ. ನಾನು ಹೋಗಿದ್ದು ಹೊಟ್ಟೆಕಿಚ್ಚು ಪಡುವುದಕ್ಕೆ. ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ, ದಿಬ್ಬೂರಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತೇ ಎಷ್ಟೋ ವರ್ಷದಿಂದ ಪಡುತ್ತಾ ಬಂದಿದ್ದೇನೆ. ಆದರೆ ತಂಗಿ ಟಿಕೆಟ್ ಕಳಿಸಿಬಿಟ್ಟಳು. ಬೇಡ ಎಂದರೆ ನನ್ನ ಹೊಟ್ಟೆಯೊಳಗಿನದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು, ಹೊರಟೆ.

ತಂಗಿ ಗಿರಿಜ ದಕ್ಷಿಣ ಕೊರಿಯಾದ ಜೆಜು ಎಂಬ ದ್ವೀಪದಲ್ಲಿದ್ದಾಳೆ. ಅಲ್ಲಿ ಸಮುದ್ರದ ಮೀನನ್ನು ದಡದ ಮೇಲೆ ತೊಟ್ಟಿ ಕಟ್ಟಿ ಸಾಕುತ್ತಾರೆ. ಆ ಮೀನು ಗಂಡೋ ಹೆಣ್ಣೋ ಎಂದು ಅದರ ಡಿಎನ್‌ಎ ನೋಡಿ ಹೇಳುವುದು ಅವಳ ಕೆಲಸ. ನಾನು ಶಿಡ್ಲಘಟ್ಟದ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಕಡೆ, ಗೂಡು ಕತ್ತರಿಸಿ ಒಳಗಿನ ಪ್ಯೂಪಾ ಗಂಡೋ ಹೆಣ್ಣೋ ಎಂದು ನೋಡಿ ಬೇರೆ ಮಾಡುತ್ತೇನೆ. ಕೆಲಸ ಹೆಚ್ಚುಕಡಿಮೆ ಒಂದೇ. ಅವಳನ್ನು ಡಾಕ್ಟರ್ ಗಿರಿಜ ಎನ್ನುತ್ತಾರೆ, ನನ್ನನ್ನು ಮೂಲೆ ಟೇಬಲ್ ರತ್ನಕ್ಕ ಎನ್ನುತ್ತಾರೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಪ್ಯೂಪಾದ ಹೊಟ್ಟೆಯ ತುದಿಯಲ್ಲಿ ಹೆಣ್ಣಾದರೆ ಕತ್ತರಿ ಹಾಕಿದ ಹಾಗೆ ಒಂದು ಸಣ್ಣ ಗೆರೆ ಇರುತ್ತದೆ, ಗಂಡಾದರೆ ಒಂದು ಚುಕ್ಕೆ. ಅಷ್ಟೇ ಗುರುತು. ಬೇರೆ ಮಾಡದೆ ಬಿಟ್ಟರೆ ಚಿಟ್ಟೆಯಾದ ಕೂಡಲೇ ತಮ್ಮತಮ್ಮಲ್ಲೇ ಜೊತೆಯಾಗಿ ತಳಿ ಕೆಡುತ್ತದೆ. ನಮ್ಮಮ್ಮನೂ ಇದೇ ಕೆಲಸ ಮಾಡುತ್ತಿದ್ದವಳು. ಶಾಲೆಗೆ ರಜೆ ಬಂದರೆ ನಮ್ಮಿಬ್ಬರನ್ನೂ ಕೋಠಿಗೆ ಕರೆದುಕೊಂಡು ಹೋಗುತ್ತಿದ್ದಳು. ನನಗೆ ಒಂದೇ ದಿನದಲ್ಲಿ ಕಣ್ಣು ಕೂತಿತು. ಬೆರಳಲ್ಲಿ ಹೊರಳಿಸುವಷ್ಟರಲ್ಲಿ ಹೇಳಿಬಿಡುತ್ತಿದ್ದೆ. ಗಿರಿಜ ಮಾತ್ರ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿ ನೋಡಿ, ಕೊನೆಗೂ ತಪ್ಪು ತಟ್ಟೆಗೇ ಹಾಕುತ್ತಿದ್ದಳು. ಅಮ್ಮ ನೋಡುವಷ್ಟು ನೋಡಿ, “ಇವಳ ಕೈಲಿ ಆಗಲ್ಲಮ್ಮ. ಪೋನೀ, ಓದ್ಕೊಳ್ಳಲಿ ಬಿಡು” ಎಂದಳು.

ಹೀಗೆ ಕೆಲಸ ಬಂದವಳು ಎಸ್ಸೆಸ್ಸೆಲ್ಸಿಗೆ ನಿಂತಳು, ಕೆಲಸ ಬಾರದವಳು ಓದಿದಳು. ಊರಿನವರು ಆಗ ನನ್ನನ್ನೇ ಹೊಗಳಿದರು. ನಾನು ಆ ಹೊಗಳಿಕೆಯಲ್ಲೇ ಮೈಮರೆತೆ. ಅವಳು ಬೆಂಗಳೂರು, ಮಂಗಳೂರು ದಾಟಿ ಕೊರಿಯಾ ಸೇರಿದ ಮೇಲೆ ನನಗೆ ಎಚ್ಚರವಾಯಿತು.

ಬೆಚ್ಚಗಿನ ನೆಲ

ಜೆಜು ವಿಮಾನ ನಿಲ್ದಾಣದಲ್ಲಿ ಗ್ಲೌಸು ಹಾಕಿದ ಒಬ್ಬ ಹುಡುಗಿ ನನ್ನ ಚೀಲ ಬಿಚ್ಚಿಸಿ, ಒಂದು ಕಂತೆ ಕರಿಬೇವನ್ನು ಹಾವಿನ ಮರಿಯನ್ನು ಹಿಡಿಯುವ ಹಾಗೆ ಎರಡು ಬೆರಳಲ್ಲಿ ಎತ್ತಿ ಡಬ್ಬಕ್ಕೆ ಹಾಕಿದಳು. ಹಾಕುವ ಮೊದಲು ನನಗೆ ನಮಸ್ಕಾರ ಮಾಡಿದಳು. ಬಾಗಿ ನಮಸ್ಕರಿಸುವವರ ಜೊತೆ ಜಗಳ ಆಡುವುದು ಹೇಗೆ ಎಂದು ನನಗೆ ತಿಳಿಯದು. ರಾಗಿ ಹಿಟ್ಟು ಮಾತ್ರ ಉಳಿಯಿತು.

ಗಿರಿಜಳ ಮನೆ ಚಿಕ್ಕದು, ಸದ್ಯ ಎಂದುಕೊಂಡೆ. ಆದರೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲವೇ ಬೆಚ್ಚಗಿದೆ. ಅಲ್ಲಿ ಚಳಿಗಾಲದಲ್ಲಿ ನೆಲದ ಕೆಳಗೆ ಬಿಸಿನೀರು ಹರಿಯುತ್ತದಂತೆ. ನಾನು ಇಷ್ಟು ವರ್ಷ ಚಳಿಗಾಲದಲ್ಲಿ ಹುಳುಗಳ ಕೋಣೆಗೆ ಹೀಟರ್ ಹಚ್ಚಿ, ಹೊರಗೆ ಶಾಲು ಹೊದ್ದು ಕಲ್ಲು ಚಪ್ಪಡಿಯ ಮೇಲೆ ಕೂತವಳು. ಅಂಗಾಲಿಗೆ ಹಿತವಾಗುತ್ತಿದ್ದ ಹಾಗೆ ಎದೆಗೆ ಬೆಂಕಿ ಬಿತ್ತು. “ನೆಲ ಸೆಖೆ ಆಗಲ್ವೇನೇ?” ಎಂದು ಕೇಳಿದೆ. ಅಷ್ಟರಲ್ಲಿ ನಾನು ಅಲ್ಲೇ ಚಾಪೆಯಿಲ್ಲದೆ ಕಾಲು ಚಾಚಿ ಮಲಗಿಯೂ ಆಗಿತ್ತು.

ಅಲ್ಲಿನವರ ಒಂದು ಪದ್ಧತಿ ನನಗೆ ಹಿಡಿಸಿತು. ಹೊಸಬರು ಸಿಕ್ಕರೆ ಮೊದಲು ವಯಸ್ಸು ಕೇಳುತ್ತಾರೆ. ನಮ್ಮಲ್ಲಿ ಹೆಂಗಸರ ವಯಸ್ಸು ಕೇಳಿದರೆ ಮುಖ ಸಿಂಡರಿಸುತ್ತಾರೆ, ಅಲ್ಲಿ ವಯಸ್ಸು ತಿಳಿಯದೆ ಮಾತೇ ಮುಂದಕ್ಕೆ ಹೋಗದು. ಯಾರು ದೊಡ್ಡವರು ಎಂದು ತೀರ್ಮಾನವಾದ ಮೇಲೆ ಅಕ್ಕ, ಅಣ್ಣ ಎಂದೇ ಕರೆಯುತ್ತಾರೆ. ಹಾಗಾಗಿ ಗಿರಿಜಳ ಲ್ಯಾಬಿನ ಹುಡುಗಿಯರಿಗೆಲ್ಲ ನಾನು ಒಂದೇ ಗಳಿಗೆಯಲ್ಲಿ ಅಕ್ಕನಾದೆ. ಊಟಕ್ಕೆ ಕೂತರೆ ನಾನು ಚಮಚ ಎತ್ತುವವರೆಗೆ ಯಾರೂ ಎತ್ತುವುದಿಲ್ಲ. ಗಿರಿಜಳೂ ಎತ್ತುವುದಿಲ್ಲ. ಮೊದಲ ದಿನ ಬೇಕೆಂದೇ ಸ್ವಲ್ಪ ತಡಮಾಡಿ ಎತ್ತಿದೆ.

ಸಂತೆ

ಎರಡನೆಯ ದಿನ ಗಿರಿಜ ಅಲ್ಲಿಯ ಸಂತೆಗೆ ಕರೆದುಕೊಂಡು ಹೋದಳು. ಕಿತ್ತಳೆಯ ರಾಶಿ, ಒಣಮೀನಿನ ರಾಶಿ, ಅದರಾಚೆ ಎಲ್ಲಿಂದಲೋ ನನಗೆ ಗುರುತಿರುವ ವಾಸನೆ ಬಂತು. ಶಿಡ್ಲಘಟ್ಟದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ನೂಲು ಬಿಚ್ಚುವ ಮನೆಗಳ ಕಡೆಯಿಂದ ಮೂಗಿಗೆ ಹೊಡೆಯುತ್ತದಲ್ಲ, ಅದೇ. ಹೋಗಿ ನೋಡಿದರೆ ಒಬ್ಬ ಮುದುಕಿ ದೊಡ್ಡ ಪಾತ್ರೆಯಲ್ಲಿ ಪ್ಯೂಪಾ ಬೇಯಿಸುತ್ತಿದ್ದಾಳೆ. ಜನ ಕಾಗದದ ಲೋಟದಲ್ಲಿ ಹಾಕಿಸಿಕೊಂಡು ಕಡ್ಡಿಯಲ್ಲಿ ಚುಚ್ಚಿ, ನಾವು ಕಡಲೆಕಾಯಿ ತಿನ್ನುವ ಹಾಗೆ ತಿನ್ನುತ್ತಿದ್ದಾರೆ. ನಮ್ಮಲ್ಲಿ ಅದನ್ನು ಎಣ್ಣೆ ತೆಗೆಯುವವರೂ ಕೋಳಿ ಸಾಕುವವರೂ ಒಯ್ಯುತ್ತಾರೆ.

ಮುದುಕಿ ನನಗೂ ಒಂದು ಲೋಟ ಕೊಟ್ಟಳು. ತಿನ್ನಲು ಮನಸ್ಸಾಗಲಿಲ್ಲ, ನನಗೆ ಅನ್ನ ಕೊಟ್ಟ ಹುಳು ಅದು. ಕೈ ಮಾತ್ರ ಸುಮ್ಮನಿರಲಿಲ್ಲ. ಒಂದೊಂದನ್ನೇ ಹೊರಳಿಸಿ ಅವಳ ಹಲಗೆಯ ಮೇಲೆ ಹೆಣ್ಣು ಈಚೆ, ಗಂಡು ಆಚೆ ಇಡುತ್ತಾ ಹೋದೆ. ಮುದುಕಿ ಏನೆಂದು ಕೇಳಿದಳು, ಗಿರಿಜ ಹೇಳಿದಳು. ಮುದುಕಿ ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದಳು. ಜೀವಮಾನವೆಲ್ಲ ಅದನ್ನು ಬೇಯಿಸಿದ್ದರೂ ಅದರಲ್ಲಿ ಗಂಡು ಹೆಣ್ಣು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲವಂತೆ. ನಾನು ಉಬ್ಬಿಹೋದೆ.

ವಾಪಸು ಬರುವಾಗ ಗಿರಿಜ ಉಳಿದ ಪ್ಯೂಪಾ ಬಾಯಿಗೆ ಹಾಕಿಕೊಳ್ಳುತ್ತಾ, ರೇಷ್ಮೆಗೂ ತನ್ನ ಮೀನಿನ ಪರೀಕ್ಷೆಯಂಥ ಹೊಸ ದಾರಿಗಳಿವೆ, ಗಂಡು ಹೆಣ್ಣಿಗೆ ಬೇರೆ ಬೇರೆ ಬಣ್ಣದ ಗೂಡು ಕಟ್ಟುವ ತಳಿಗಳೂ ಇವೆ ಎಂದು ಹೇಳಿದಳು. “ನಿಮ್ಮ ಕೋಠಿಗೂ ಬರತ್ತೆ ಅಕ್ಕ. ನೀನು ಕಣ್ಣು ನೋಯಿಸ್ಕೊಳ್ಳೋದು ತಪ್ಪತ್ತೆ.”

ಅವಳು ಪ್ರೀತಿಯಿಂದಲೇ ಹೇಳಿದ್ದು. ನನಗೆ ಕೇಳಿಸಿದ್ದೇ ಬೇರೆ. ನನ್ನ ಹತ್ತಿರ ಇದ್ದಿದ್ದೇ ಒಂದು, ಅದೂ ಇನ್ನು ಬೇಕಾಗಿಲ್ಲ ಎಂದು ಇವಳೇ ಹೇಳುತ್ತಿದ್ದಾಳೆ ಅನ್ನಿಸಿತು. ಆ ಸಂಜೆ ಅವಳು ಕೋಲಿಲ್ಲದೆ ಸೌಟಿನಲ್ಲೇ ತಿರುವಿ ಮುದ್ದೆ ಮಾಡಿದಳು. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಮೀನಿನ ಕೊಟ್ಟಿಗೆ

ಮೀನು ಸಾಕುವ ಜಾಗ ಸಮುದ್ರದ ಪಕ್ಕದಲ್ಲೇ ಇದೆ. ಕರಿ ಬಲೆ ಹೊದಿಸಿದ ತಗ್ಗು ಮಾಡು, ಒಳಗೆ ಸಾಲು ಸಾಲು ಸಿಮೆಂಟ್ ತೊಟ್ಟಿ. ದೂರದಿಂದ ನಮ್ಮ ಹುಳು ಮನೆ ಎಂದೇ ತಿಳಿದಿದ್ದೆ. ಬಾಗಿಲಲ್ಲಿ ಬಳೆ ತೆಗೆಯಬೇಕೆಂದರು. ಸೋಪು ಹಚ್ಚಿ ಎಳೆಯುವುದರಲ್ಲಿ ಎರಡು ಒಡೆದವು. ಮುರುಗಮಲ್ಲದ ದರ್ಗಾದಲ್ಲಿ ಕೋಠಿಯ ಗೆಳತಿ ಶಮೀಮ್ ಓದಿಸಿ ತಂದು ನನ್ನ ಕೈಗೆ ಕಟ್ಟಿದ್ದ ದಾರವನ್ನು ಮಾತ್ರ ಬಿಚ್ಚುವುದಿಲ್ಲ ಎಂದೆ. ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಒಳಗೆ ಬಿಟ್ಟರು.

ಮೀನು ಚಪ್ಪಟೆ, ರೊಟ್ಟಿಯ ಹಾಗೆ. ಎರಡು ಕಣ್ಣೂ ಒಂದೇ ಪಕ್ಕ. ತೊಟ್ಟಿಯ ತಳದಲ್ಲಿ ಒಂದರ ಮೇಲೊಂದು ಮಲಗಿ, ಎರಡೂ ಕಣ್ಣನ್ನು ಮೇಲೆತ್ತಿ, ಮೇಲಿರುವವರನ್ನೇ ನೋಡುತ್ತಾ ಇರುತ್ತವೆ. ಅವುಗಳ ಪಾಡು ನನಗೆ ಚೆನ್ನಾಗಿ ಅರ್ಥವಾಯಿತು.

ಈ ಮೀನಿನಲ್ಲಿ ಹೆಣ್ಣೇ ಬೇಗ ದಪ್ಪವಾಗುವುದು. ಆದ್ದರಿಂದ ಸಾಕುವವರಿಗೆ ಬರೀ ಹೆಣ್ಣು ಮರಿ ಬೇಕು. ಸಮಸ್ಯೆ ಏನೆಂದರೆ ಮರಿಯಾಗಿದ್ದಾಗ ನೀರು ತೀರ ಬಿಸಿಯಾದರೆ ಹೆಣ್ಣಾಗಬೇಕಿದ್ದವು ಎಷ್ಟೋ ಗಂಡಾಗಿ ಬೆಳೆಯುತ್ತವೆ. ಗಿರಿಜ ಹುಡುಕುತ್ತಿದ್ದಿದ್ದು ಅವನ್ನೇ. ಹಾಗೆ ಗಂಡಾದ ಹೆಣ್ಣನ್ನು ಮಾಮೂಲು ಹೆಣ್ಣಿನ ಜೊತೆ ಸೇರಿಸಿದರೆ ಹುಟ್ಟುವುದೆಲ್ಲ ಹೆಣ್ಣು ಮರಿ. ಆದರೆ ಹೊರಗಿನಿಂದ ನೋಡಿದರೆ ಅದಕ್ಕೂ ನಿಜವಾದ ಗಂಡಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ರೆಕ್ಕೆಯ ಚೂರು ಕತ್ತರಿಸಿ ಮಿಷನ್ನಿಗೆ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಎರಡು ಗೆರೆ ಬಂದರೆ ಹುಟ್ಟಿನಿಂದ ಗಂಡು, ಒಂದೇ ಗೆರೆ ಬಂದರೆ ಹುಟ್ಟಿನಿಂದ ಹೆಣ್ಣು. ಆ ಗೆರೆಗೆ ಅವರು ಮಾರ್ಕರ್ ಎನ್ನುತ್ತಾರೆ. ನಮ್ಮ ಕತ್ತರಿ ಗೆರೆ, ಚುಕ್ಕೆ ಇದ್ದ ಹಾಗೆ. ಇದನ್ನು ಕಂಡುಹಿಡಿಯಲು ಅವಳಿಗೆ ಆರು ವರ್ಷ ಹಿಡಿದಿತ್ತು.

ಕೊಟ್ಟಿಗೆಯ ಯಜಮಾನರು ಕಾಂಗ್ ಎಂಬ ಹಿರಿಯರು. ಅವರು ಒಪ್ಪಿದರೆ ದ್ವೀಪದ ಉಳಿದ ಸಾಕಣೆದಾರರೂ ಒಪ್ಪುತ್ತಾರೆ, ಗಿರಿಜಳ ಕೆಲಸ ಕಾಯಂ ಆಗುತ್ತದೆ. ಒಪ್ಪದಿದ್ದರೆ ಆ ತಿಂಗಳಿಗೇ ಅವಳ ಕೆಲಸ ಮುಗಿಯಿತು, ಅಲ್ಲಿರುವ ಪರವಾನಗಿಯೂ ಮುಗಿಯಿತು. ಕಾಂಗ್ ಅವರು ಒಂದು ಪರೀಕ್ಷೆ ಇಟ್ಟಿದ್ದರು. ಮೊದಲಿಂದ ಹದವಾದ ನೀರಿನಲ್ಲೇ ಬೆಳೆದ, ಗಂಡು ಹೆಣ್ಣು ಅದಲುಬದಲಾಗದ ನಲವತ್ತು ಮೀನು ಆರಿಸಿ, ಬಸುರಿಯರಿಗೆ ಮಾಡುವ ಸ್ಕ್ಯಾನಿಂಗನ್ನು ಅವಕ್ಕೆ ಮಾಡಿಸಿ, ಯಾವುದು ಗಂಡು, ಯಾವುದು ಹೆಣ್ಣು ಎಂಬ ಪಟ್ಟಿಯನ್ನು ಕವರಿನಲ್ಲಿ ಅಂಟಿಸಿಟ್ಟಿದ್ದರು. ನಮ್ಮಲ್ಲಿ ಸ್ಕ್ಯಾನಿಂಗ್ ಮಾಡಿ ಇದನ್ನು ಹೇಳಿದರೆ ಜೈಲು, ಅಲ್ಲಿ ಮೀನಿಗೆ ಮಾಡಿ ಚೀಟಿ ಬರೆದುಕೊಡುತ್ತಾರೆ. ಗಿರಿಜಳ ಉತ್ತರ ಆ ಪಟ್ಟಿಗೆ ಒಂದೂ ಬಿಡದೆ ತಾಳೆಯಾಗಬೇಕು. ಮೊಟ್ಟೆಯಿಡುವ ಕಾಲ ಹತ್ತಿರವಾದ್ದರಿಂದ ಮೀನುಗಳನ್ನು ಹಿಡಿಯುವುದು ಒಂದೇ ಸಲ, ಮತ್ತೆ ಮುಟ್ಟುವಂತಿಲ್ಲ ಎಂದೂ ಹೇಳಿದ್ದರು.

ಕೆಲಸಕ್ಕೆ ಸುಂಜ ಎಂಬ ನನ್ನ ವಯಸ್ಸಿನ ಹೆಂಗಸು ಇದ್ದಳು. ಅವಳು ಮೀನು ಹಿಡಿದು ಅದರ ನಂಬರು ಕೂಗುವುದು, ಗಿರಿಜ ರೆಕ್ಕೆಯ ಚೂರು ಕತ್ತರಿಸಿ ಟ್ಯೂಬಿಗೆ ಹಾಕುವುದು, ನಾನು ಟ್ಯೂಬಿನ ತಟ್ಟೆ ಹಿಡಿದುಕೊಳ್ಳುವುದು. ಶುರು ಮಾಡುವ ಮೊದಲು ಗಿರಿಜ ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಸಿದಳು. ನಮ್ಮಕ್ಕನಿಗೆ ಮಿಷನ್ ಬೇಡ, ಬರೀ ಕಣ್ಣಲ್ಲೇ ಹೇಳುತ್ತಾಳೆ ಎಂದಳಂತೆ. ಎಲ್ಲರೂ ನಕ್ಕರು. ಒಳ್ಳೆಯ ನಗೆಯೇ ಇರಬಹುದು. ನನಗೆ ಮಾತ್ರ ಡಾಕ್ಟರಮ್ಮನ ಪಕ್ಕ ತಟ್ಟೆ ಹಿಡಿದು ನಿಂತವಳ ಮೇಲೆ ನಕ್ಕ ಹಾಗೆ ಕೇಳಿಸಿತು.

ಎಂಟು ಪುಟ್ಟ ಟ್ಯೂಬುಗಳು ಅಂಟಿಕೊಂಡು ಒಂದು ಸಾಲು, ಅಂಥ ಐದು ಸಾಲು ತಟ್ಟೆಯಲ್ಲಿ ಕೂತಿದ್ದವು. ಬಿಡಿ ಟ್ಯೂಬಿನ ಮೇಲೆ ನಂಬರಿಲ್ಲ, ಕೂತ ಜಾಗವೇ ನಂಬರು. ನಮ್ಮ ಕೋಠಿಯಲ್ಲಿ ಶುಕ್ರವಾರ ಪೂಜೆಯಾದ ಮೇಲೆ ಪ್ರತಿ ತಟ್ಟೆಯ ಒಂದು ಅಂಚಿಗೆ ಅರಿಶಿನ ಹಚ್ಚುತ್ತೇವೆ. ದೇವರಿಗೆಂದು ಹಚ್ಚುವುದು ಹೌದು, ಆದರೆ ತಟ್ಟೆಯ ತಲೆ ಯಾವುದು ಕಾಲು ಯಾವುದು ಎಂದು ವಾರವೆಲ್ಲ ತಿಳಿಯುವುದೂ ಅದರಿಂದಲೇ. ಇವರ ಸಾಲಿಗೆ ತಲೆಯೂ ಇಲ್ಲ ಕಾಲೂ ಇಲ್ಲವಲ್ಲ ಎಂದು ನೋಡಿದ ಕೂಡಲೇ ಅಂದುಕೊಂಡೆ. ಹೇಳಲಿಲ್ಲ.

ಎರಡು ಸಾಲು ತುಂಬಿ ಮೂರನೆಯದು ನಡೆಯುತ್ತಿತ್ತು. ಒಂದು ದೊಡ್ಡ ಮೀನು ಸುಂಜಳ ಕೈಯಿಂದ ಜಾರಿ ಹಾರಿತು. ಬಾಲ ನನ್ನ ತಟ್ಟೆಗೆ ಬಡಿದು ಎರಡನೆಯ ಸಾಲು ಹಾರಿ ಮೇಜಿನ ಮೇಲೆ ಬಿತ್ತು. ಎಲ್ಲರ ಮುಖಕ್ಕೂ ಉಪ್ಪು ನೀರು. ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಗಿರಿಜ ಸಾಲನ್ನು ಎತ್ತಿ ಮತ್ತೆ ತಟ್ಟೆಗೆ ಸಿಕ್ಕಿಸಿದಳು. ಒಂಬತ್ತನೆಯ ಮೀನಿನ ಟ್ಯೂಬಿನ ಮುಚ್ಚಳಕ್ಕೆ ಚೂರು ರಕ್ತ ಅಂಟಿತ್ತು. ಆ ಕಲೆ ಮೊದಲು ನನ್ನ ಕಡೆ ಇತ್ತು, ಈಗ ಆಚೆ ತುದಿಗೆ ಹೋಗಿದೆ. ಸಾಲು ತಿರುಗಿ ಕೂತಿದೆ.

“ಅಕ್ಕ, ಹೀಗೇ ಇತ್ತಲ್ವಾ?” ಗಿರಿಜ ಕೇಳಿದಳು.

“ಹೂಂ” ಎಂದೆ.

ಮೂರು ದಿನ

ಆ ಹೂಂ ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಹಾಗೆಂದು ತಪ್ಪಿಸಿಕೊಳ್ಳುವುದಿಲ್ಲ, ಆಮೇಲೆ ಯೋಚಿಸಲು ಮೂರು ದಿನ ಇತ್ತು. ಮಿಷನ್ನಿನ ಕೆಲಸ ಮುಗಿಯಲು ಅಷ್ಟು ಹೊತ್ತು ಬೇಕಾಗಿತ್ತು.

ಮೊದಲ ದಿನ ನನಗೆ ಸಂತೋಷವೇ ಆಯಿತು. ಒಂದು ಸಲವಾದರೂ ಇವಳು ಎಲ್ಲರೆದುರು ತಪ್ಪಲಿ, ಚಿಕ್ಕವಳಿದ್ದಾಗ ತಪ್ಪುತ್ತಿದ್ದ ಹಾಗೆ ತಪ್ಪಲಿ ಎಂದುಕೊಂಡು ಬೆಚ್ಚಗಿನ ನೆಲದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ. ಎರಡನೆಯ ದಿನ ಕಪ್ಪು ಕಲ್ಲಿನ ಗೋಡೆಗಳ ನಡುವೆ ಕಿತ್ತಳೆ ತೋಟ ತೋರಿಸಿದಳು. ಆ ದ್ವೀಪದ ಗಾಳಿ ಸೆರಗನ್ನು ಮೈಮೇಲೆ ನಿಲ್ಲಗೊಡದು. ಅವಳು ತನ್ನ ಕೋಟು ಬಿಚ್ಚಿ ನನಗೆ ಹಾಕಿ, ತಾನು ನಡುಗುತ್ತಾ ನಡೆದಳು. ಈಗ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಯಾರೋ ಅವಳನ್ನು ಗುರುತು ಹಿಡಿದು ಬಾಗಿ ನಮಸ್ಕರಿಸಿದರು. ಬಾಯಿ ಮುಚ್ಚಿಕೊಂಡೆ.

ಮೂರನೆಯ ದಿನ ಅವಳು ಮಿಷನ್ನಿನ ಚಿತ್ರವನ್ನು ಮನೆಗೇ ತಂದು ತೋರಿಸಿದಳು. ಒಂದು ಗೆರೆ, ಎರಡು ಗೆರೆ, ಸ್ಪಷ್ಟವಾಗಿ ಬಂದಿದ್ದವು. ಮಗು ಬಣ್ಣದ ಕಾಗದ ತೋರಿಸುವ ಹಾಗೆ ತೋರಿಸುತ್ತಿದ್ದಳು. ನಾನು ಎರಡನೆಯ ಸಾಲನ್ನೇ ನೋಡುತ್ತಾ ಚೆನ್ನಾಗಿದೆ ಕಣೇ ಎಂದೆ. ಅಂದು ಊಟ ಸೇರಲಿಲ್ಲ.

ಯಜಮಾನರ ಕೋಣೆ

ಕಾಂಗ್ ಅವರು ಕವರು ಹರಿದು ಪಟ್ಟಿ ಕೈಗೆ ತೆಗೆದುಕೊಂಡರು. ಗಿರಿಜ ಒಂದೊಂದೇ ನಂಬರು ಓದುವುದು, ಅವರು ತಲೆಯಾಡಿಸುವುದು. ಭಾಷೆ ಬಾರದಿದ್ದರೂ ತಲೆ ಆಡುವುದು ಎಲ್ಲ ಕಡೆ ಒಂದೇ. ಎಂಟರವರೆಗೆ ಸಲೀಸಾಗಿ ಆಯಿತು. ಒಂಬತ್ತಕ್ಕೆ ತಲೆ ಆಡಲಿಲ್ಲ. ಹತ್ತಕ್ಕೆ ಆಡಲಿಲ್ಲ. ಆ ಸಾಲು ಮುಗಿಯುವಷ್ಟರಲ್ಲಿ ಆರು ಮೀನು ತಪ್ಪಾಗಿತ್ತು. ಗಿರಿಜಳ ದನಿ ಸಣ್ಣದಾಯಿತು, ಆದರೂ ನಿಲ್ಲಿಸದೆ ನಲವತ್ತರವರೆಗೂ ಓದಿದಳು. ಉಳಿದದ್ದೆಲ್ಲ ಸರಿಯಾಗಿತ್ತು. ಕಾಂಗ್ ಅವರು ಪಟ್ಟಿ ಮಡಚಿ, ಅವಳಿಗೆ ಎರಡು ಕೈಯಿಂದ ಟೀ ಕೊಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು.

ಒಂದೇ ಸಾಲು ತಪ್ಪಾಗಿದೆ ಎಂದರೆ ಸಾಲೇ ತಿರುಗಿರಬಹುದು ಎಂದು ಅಷ್ಟು ಓದಿದವಳಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕಾಯುತ್ತಿದ್ದೆ, ಅವಳಿಗೇ ಹೊಳೆದರೆ ನಾನು ಬಚಾವು. ಅವಳು ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ನನ್ನ ಕಡೆ ತಿರುಗಿದಳು.

“ಹೋಗಣ ಬಾ ಅಕ್ಕ. ಆ ಸಾಲು ಬಿದ್ದಿತ್ತಲ್ಲ, ಅದೇನಾದ್ರೂ ತಿರುಗಿತ್ತಾ ಅಂತ ಒಂದ್ನಿಮಿಷ ಅಂದ್ಕೊಂಡೆ. ನೀನು ಹೂಂ ಅಂದಿದ್ದೆ. ನಿನ್ನ ಕಣ್ಣು ತಪ್ಪಲ್ಲ. ನನ್ನ ಮಾರ್ಕರೇ ಸರಿಯಿಲ್ಲ.”

ಆರು ವರ್ಷದ ಕೆಲಸವನ್ನು ನನ್ನ ಒಂದು ಹೂಂಗಿಂತ ಕೆಳಗೆ ಇಟ್ಟಳು. ನನಗೆ ಬೇಕಾಗಿದ್ದು ಇದೇ ತಾನೇ? ಅವಳ ಮಿಷನ್ನಿಗಿಂತ ನನ್ನ ಕಣ್ಣು ಮೇಲು ಎಂದು ಅವಳ ಬಾಯಿಂದಲೇ ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆ. ಕೇಳಿದ ಮೇಲೆ ಅದು ನನಗೆ ಬೇಡವಾಯಿತು.

“ತಿರುಗಿದೆ ಕಣೇ ಗಿರಿಜಾ” ಎಂದೆ. “ಒಂಬತ್ತರ ಮುಚ್ಚಳಕ್ಕೆ ರಕ್ತ ಇತ್ತು. ಅದು ಆ ಕೊನೇಗೆ ಹೋಗಿದೆ. ಉಲ್ಟಾ ಓದು.”

ಅವಳು ನಿಂತಲ್ಲೇ ಕಾಗದದ ಹಿಂದೆ ಎಂಟು ನಂಬರುಗಳನ್ನು ಉಲ್ಟಾ ಬರೆದಳು. ಎಂಟೂ ತಾಳೆಯಾದವು. ತಲೆಯೆತ್ತದೆ, “ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು.

“ಈಗ ನೆನಪಾಯ್ತು.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಪ್ಯೂಪಾವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳಲ್ಲ, ಅಷ್ಟು ಹೊತ್ತು ನೋಡಿದಳು. ಈ ಸಲ ತಪ್ಪು ತಟ್ಟೆಗೆ ಹಾಕಲಿಲ್ಲ ಎಂದು ನನಗೆ ಗೊತ್ತು. “ಸರಿ ಅಕ್ಕ” ಎಂದಳು.

ಆಮೇಲೆ ಕಾಂಗ್ ಅವರ ಕಡೆ ತಿರುಗಿ ಅವರ ಭಾಷೆಯಲ್ಲಿ ತುಂಬ ಹೊತ್ತು ಹೇಳಿದಳು. ಬರೀ ಮಾತಿಗೆ ಅವರು ಒಪ್ಪಲಿಲ್ಲ, ಒಪ್ಪಬಾರದು ಕೂಡ. ಒಂಬತ್ತನೆಯ ಮೀನು, ಹದಿನಾರನೆಯ ಮೀನು, ಎರಡನ್ನು ಮಾತ್ರ ಮತ್ತೆ ಹಿಡಿಯಲು ಬಿಟ್ಟರು. ಮರುದಿನ ಎರಡರ ಗೆರೆಯೂ ಸರಿಬಂತು. ಗಿರಿಜಳ ಮಾರ್ಕರ್ ಗೆದ್ದಿತು, ಕೆಲಸ ಉಳಿಯಿತು.

ಅಂದು ಕಾಂಗ್ ಅವರು ಎದ್ದು ಬಂದು, ಫೋನಿಗೆ ಏನೋ ಹೇಳಿ ನನ್ನ ಮುಂದೆ ಹಿಡಿದರು. ಫೋನು ಪುಸ್ತಕದ ಕನ್ನಡದಲ್ಲಿ, “ತಪ್ಪು ಮಾಡಿದ್ದು ನಾನೇ ಎಂದು ನಿಮ್ಮ ತಂಗಿ ತಿಳಿಸಿದ್ದಾರೆ. ನಿಮ್ಮ ಕಣ್ಣುಗಳು ಅದನ್ನು ಪತ್ತೆಹಚ್ಚಿವೆ. ನಿಮಗೆ ವಂದನೆಗಳು” ಎಂದಿತು. ಅಷ್ಟು ವಯಸ್ಸಾದವರು ನನಗೆ ಸೊಂಟದವರೆಗೆ ಬಾಗಿದರು. ಸುಂಜ ಚಪ್ಪಾಳೆ ತಟ್ಟಿದಳು. ಯಾರೂ ನಗಲಿಲ್ಲ. ನಾನು ಟೀ ಲೋಟ ಹಿಡಿದುಕೊಂಡು ನಿಂತಿದ್ದೆ, ಕುಡಿಯಲಾಗಲಿಲ್ಲ.

ವಾಪಸು

ಗಿರಿಜ ಆ ವಿಷಯ ಮತ್ತೆ ಎತ್ತಲಿಲ್ಲ. ವಿಮಾನ ಹತ್ತಿಸುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಬಳೆ ಒಡೆಯಿತಲ್ಲ ಎಂದು ಬೇರೆ ಕೊಡಿಸಿದಳು. ಬಯ್ದಿದ್ದರೆ, ಬಯ್ದಳು ಎಂದು ನಾನೂ ಎರಡು ಮಾತು ಆಡಬಹುದಾಗಿತ್ತು.

ನಾನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವಳು ನಮ್ಮ ಕೋಠಿಯ ಮೇಲ್ವಿಚಾರಕರಿಗೆ ಫೋನು ಮಾಡಿ, ಕೊರಿಯಾದಲ್ಲಿ ತನ್ನ ಕೆಲಸ ಉಳಿಸಿದ್ದು ಅಕ್ಕನ ಕಣ್ಣು ಎಂದು ಹೇಳಿದ್ದಳು. ನನಗೆ ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು. ಶಮೀಮ್ ಎಲ್ಲರಿಗೂ ಸಿಹಿ ಹಂಚಿದಳು. ಕೋಠಿಯ ವಾರ್ಷಿಕ ಸಂಚಿಕೆಗೆ ಈ ಪ್ರವಾಸದ ಬಗ್ಗೆ ಬರೆದುಕೊಡಿ, ಹುಡುಗಿಯರಿಗೆ ಸ್ಫೂರ್ತಿಯಾಗಲಿ ಎಂದು ಮೇಲ್ವಿಚಾರಕರು ಕೇಳಿದರು.

ಅವರು ಕೇಳಿದ್ದನ್ನೇ ಬರೆಯಬಹುದಾಗಿತ್ತು. ಗಿರಿಜ ಎಂದೂ ಬಾಯಿ ಬಿಡುವವಳಲ್ಲ. ನನಗೆ ತಡೆಯಲಾಗದೆ ಹೋಗಿದ್ದು ಅದೇ. ಓದಿನಲ್ಲಿ ಅವಳು ಮೇಲು, ಆಗಲಿ. ನೆಲ ಬೆಚ್ಚಗಿದೆ, ಇರಲಿ. ಒಳ್ಳೆಯತನದಲ್ಲೂ ಅವಳೇ ಮೇಲಾಗಬೇಕೆ? ನಿಜ ಹೇಳುವುದೊಂದರಲ್ಲಾದರೂ ಅವಳಿಗಿಂತ ಮುಂದೆ ಇರೋಣ ಎಂದು, ಆ ಹೂಂ ಸಮೇತ ಎಲ್ಲವನ್ನೂ ಬರೆದೆ. ಅಚ್ಚಿಗೆ ಕೊಡುವ ಮೊದಲು ಅವಳಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ಎಷ್ಟು ಚೆನ್ನಾಗಿ ಬರೆದಿದ್ದೀಯ ಅಕ್ಕ. ಹಿಂಗೆ ಬರೆಯೋಕೆ ನನ್ನ ಕೈಲಿ ಆಗಲ್ಲ” ಎಂದಳು.

ಹಾಳಾದವಳು, ಇದರಲ್ಲೂ ಗೆದ್ದಳು.